ಹೋಮ್‌ಸ್ಕೂಲಿಂಗ್‌ಗೆ ಗ್ರಂಥಾಲಯ ಮತ್ತು ಊರಿನ ಸಂಸ್ಥೆಗಳ ನೆರವು ಪಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಗುವನ್ನು ಮನೆಯಲ್ಲೇ ಕಲಿಸಲು ಹೊರಟವರು ಮೊದಲೆರಡು ತಿಂಗಳು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಐದಾರು ವಾಟ್ಸಾಪ್ ಗುಂಪು ಸೇರುತ್ತಾರೆ, ಹತ್ತಾರು ಆ್ಯಪ್ ಇಳಿಸುತ್ತಾರೆ, ಪಿಡಿಎಫ್ ಗುಡ್ಡೆ ಹಾಕುತ್ತಾರೆ. ಮೂರನೇ ತಿಂಗಳ ಹೊತ್ತಿಗೆ ಪಿಡಿಎಫ್ ಫೋನಿನಲ್ಲೇ ಇರುತ್ತವೆ, ಮಗು ಮನೆಯಲ್ಲೇ ಇರುತ್ತದೆ. ಸಂಪನ್ಮೂಲ ಸಾಲದೆ ಹೀಗಾಗುವುದಿಲ್ಲ, ಹುಡುಕಿದ ಕ್ರಮ ತಿರುಗುಮುರುಗಾಗಿ ಹೀಗಾಗುತ್ತದೆ. ವಾರಕ್ಕೊಮ್ಮೆ ನಡೆದೋ ಒಂದೇ ಬಸ್ಸಿನಲ್ಲೋ ಹೋಗಿಬರಬಹುದಾದ ಒಂದು ಜಾಗ ಮೊದಲು ಗಟ್ಟಿಯಾಗಬೇಕು. ಮ್ಯೂಸಿಯಂ, ಗುಂಪು, ಕೋರ್ಸು ಎಲ್ಲ ಆಮೇಲೆ.

ಕರ್ನಾಟಕದಲ್ಲಿರುವ, 6ರಿಂದ 15 ವರ್ಷದ ಮಕ್ಕಳಿರುವ ಮನೆಗಳನ್ನು ಗಮನದಲ್ಲಿಟ್ಟು ಇದನ್ನು ಬರೆದಿದೆ.

ಕೈಯಲ್ಲಿ ಇರಬೇಕಾದವು

ಒಂದು ಬಾಕ್ಸ್ ಫೈಲ್, ಇನ್ನೂರು ಪುಟದ ಒಂದು ರಿಜಿಸ್ಟರ್, ಮಗುವಿನ ಆರು ಪಾಸ್‌ಪೋರ್ಟ್ ಅಳತೆಯ ಫೋಟೊ, ಮಗುವಿನದೂ ನಿಮ್ಮದೂ ಆಧಾರ್ ಜೆರಾಕ್ಸ್ ಮೂರು ಮೂರು ಪ್ರತಿ, ವಿಳಾಸಕ್ಕೆ ಕರೆಂಟ್ ಬಿಲ್ಲು, ಪುಸ್ತಕ ಹೊರಲು ಗಟ್ಟಿ ಬಟ್ಟೆಚೀಲ. ಮೊದಲ ಮೂರು ಹಂತಕ್ಕೆ ಇಷ್ಟೇ ಸಾಕು. ಟ್ಯಾಬ್, ಪ್ರಿಂಟರ್ ಕೊಳ್ಳಲು ಈಗಲೇ ಓಡಬೇಡಿ.

ಹಂತ 1: ಕಾಗದಪತ್ರ

ಬೇಸರದ ಕೆಲಸವೆಂದು ಇದನ್ನು ಮುಂದೂಡಿದವರೇ ಹದಿನಾಲ್ಕನೇ ವರ್ಷದಲ್ಲಿ ಪರೀಕ್ಷಾ ನೋಂದಣಿ ಹೊತ್ತಿಗೆ ಒದ್ದಾಡುವುದು.

ಜನನ ಪ್ರಮಾಣಪತ್ರ, ಆಧಾರ್, ಹಳೆಯ ಶಾಲೆಯ ಟಿಸಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ಇವೆಯೇ ನೋಡಿ. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುವುದು ತೀರಾ ಸಾಮಾನ್ಯ. ಮೊದಲು ಜನನ ಪ್ರಮಾಣಪತ್ರ ಸರಿಪಡಿಸಿ, ಆಮೇಲೆ ಅದನ್ನು ತೋರಿಸಿ ಆಧಾರ್. ಮಗುವಿಗೆ 5 ಮತ್ತು 15 ವರ್ಷ ತುಂಬಿದಾಗ ಆಧಾರ್ ಬಯೊಮೆಟ್ರಿಕ್ ನವೀಕರಣ ಕಡ್ಡಾಯ ಎಂಬುದೂ ನೆನಪಿರಲಿ.

ಶಾಲೆಯಿಂದ ಬಿಡಿಸಿದ್ದರೆ ಟಿಸಿ ತೆಗೆದುಕೊಳ್ಳಿ, ಎಸ್‌ಎಟಿಎಸ್ ಸಂಖ್ಯೆ (ಸರ್ಕಾರದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಟಿಸಿ ಇಲ್ಲದೆ ಸುಮ್ಮನೆ ನಿಲ್ಲಿಸಿದರೆ ಹೆಸರು ಹಳೆಯ ಶಾಲೆಯಲ್ಲೇ ಉಳಿದು, ಗೈರುಹಾಜರಿ ಬೆಳೆದು, ಕೊನೆಗೆ ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ ಸೇರುತ್ತದೆ.

ಕಾನೂನಿನ ಸ್ಥಿತಿಯೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆಯನ್ನು ಕಾಯ್ದೆ ಗೊತ್ತುಮಾಡಿಲ್ಲ. ಹಾಗಾಗಿ ‘ಪೂರ್ತಿ ಕಾನೂನುಬದ್ಧ’ ಎಂದು ಎದೆತಟ್ಟುವವರನ್ನೂ ನಂಬಬೇಡಿ, ‘ಜೈಲಿಗೆ ಹಾಕ್ತಾರೆ’ ಎಂದು ಹೆದರಿಸುವವರನ್ನೂ ನಂಬಬೇಡಿ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಸಿಆರ್‌ಪಿಯೋ (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಿಕ್ಷಕರೋ ಬಾಗಿಲಿಗೆ ಬಂದರೆ ವಾದಕ್ಕಿಳಿಯದೆ ಫೈಲ್ ತೆಗೆದು ತೋರಿಸಿ. ರಿಜಿಸ್ಟರಿನಲ್ಲಿ ವಾರವಾರ ದಿನಾಂಕ ಹಾಕಿ ಏನು ಓದಿತು, ಎಲ್ಲಿಗೆ ಹೋಯಿತು ಎಂದು ಎರಡು ಸಾಲು ಬರೆಯುತ್ತ ಬಂದಿದ್ದರೆ ಆ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಹಂತ 2: ಎಂಟು ವಾರದ ಪಟ್ಟಿ

ಗ್ರಂಥಾಲಯಕ್ಕೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಮುಂದಿನ ಎಂಟು ವಾರದ ವಿಷಯ ಬರೆಯಿರಿ. ನಾಲ್ಕು ವಿಷಯ ಸಾಕು, ತಲಾ ಎರಡು ವಾರ. ‘ವಿಜ್ಞಾನ’ ಎಂದು ಬರೆದರೆ ಉಪಯೋಗವಿಲ್ಲ; ‘ನಮ್ಮೂರ ಕೆರೆಯ ಹಕ್ಕಿಗಳು’, ‘ಭಿನ್ನರಾಶಿ’, ‘ವಿಜಯನಗರದ ಕಾಲದ ನೀರಾವರಿ’, ‘ಮಣ್ಣು’ ಎಂಬಷ್ಟು ಸಣ್ಣದಾಗಿ ಬರೆಯಬೇಕು. ಪ್ರತಿಯೊಂದರ ಕೆಳಗೆ ಮಗುವಿನ ಬಾಯಿಂದಲೇ ಬಂದ ಮೂರು ಪ್ರಶ್ನೆ ಇರಲಿ.

ವಿಷಯ ಹೊಳೆಯದಿದ್ದರೆ ರಾಜ್ಯ ಪಠ್ಯಪುಸ್ತಕದ ಪರಿವಿಡಿಯನ್ನೇ ಬಳಸಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ 1ರಿಂದ 10ನೇ ತರಗತಿಯ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಭಾಗ 1, ಭಾಗ 2 ಬೇರೆ ಬೇರೆ ಫೈಲಾಗಿರುತ್ತವೆ. ಒಂದನ್ನಷ್ಟೇ ಇಳಿಸಿಕೊಂಡು ಅರ್ಧ ಪಾಠವೇ ಇಲ್ಲ ಎಂದು ಗಾಬರಿಯಾಗುವವರು ಬಹಳ.

ಹಂತ 3: ಹತ್ತಿರದ ಗ್ರಂಥಾಲಯ

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಒಮ್ಮೆ ಹೋಗಿ, ಬೀಗ ಹಾಕಿದ ಬೀರು ನೋಡಿ, ‘ಮಕ್ಕಳಿಗೆ ಏನೂ ಇಲ್ಲ’ ಎಂದು ಹಿಂತಿರುಗುತ್ತಾರೆ.

*ಯಾವುದು ನಿಮ್ಮದು?* ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಸದಸ್ಯತ್ವ ಉಚಿತ. ಪಟ್ಟಣದಲ್ಲಿದ್ದರೆ ಜಿಲ್ಲಾ ಅಥವಾ ನಗರ ಕೇಂದ್ರ ಗ್ರಂಥಾಲಯ ಮತ್ತು ಅದರ ಶಾಖೆಗಳು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಅದೇ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ, ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಮಕ್ಕಳ ವಿಭಾಗ ಇವೆ. ಆದರೂ ವಾರದ ಜಾಗ ನಿಮ್ಮ ಬಡಾವಣೆಯ ಶಾಖೆಯೇ ಆಗಲಿ. ದೊಡ್ಡವು ತಿಂಗಳಿಗೊಮ್ಮೆ ಸಾಕು. ಕೇಳಲು ಸಂಕೋಚ ಬೇಡ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುವವರು ನಾವೇ.

*ಮೊದಲ ಭೇಟಿ ಮಗುವಿಲ್ಲದೆ.* ಸೋಮವಾರ ಸಾಮಾನ್ಯವಾಗಿ ರಜೆ, ಅದನ್ನು ಬಿಟ್ಟು ಹೋಗಿ. ಬೆಳಿಗ್ಗೆ ಪತ್ರಿಕೆ ಓದುವವರ ಗದ್ದಲ ಇಳಿದ ಮೇಲೆ, ಹನ್ನೊಂದರ ಸುಮಾರಿಗೆ ಹೋದರೆ ಸಿಬ್ಬಂದಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ನಾಲ್ಕು ಸಂಗತಿ ನೋಡಿಕೊಳ್ಳಿ: ಮಕ್ಕಳ ಪುಸ್ತಕ ಎಲ್ಲಿವೆ, ಬೀರು ತೆರೆದಿದೆಯೇ, ಮನೆಗೆ ಕೊಡುತ್ತಾರೋ ಅಲ್ಲೇ ಓದಬೇಕೋ, ಮೇಜು ಯಾರ ವಶದಲ್ಲಿವೆ. ನಗರದ ಬಹುತೇಕ ವಾಚನಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತಿರುತ್ತಾರೆ. ಏಳು ವರ್ಷದ ಮಗು ಅಲ್ಲಿ ಜೋರಾಗಿ ಓದಿದರೆ ಜಗಳ ಖಂಡಿತ. ಅಂಥ ಕಡೆ ಪುಸ್ತಕ ತಂದು ಹೊರಗೆ ಓದಿಸುವ ಯೋಜನೆ ಹಾಕಿಕೊಳ್ಳಿ.

*ಕೇಳುವ ರೀತಿ.* ‘ಹೋಮ್‌ಸ್ಕೂಲಿಂಗ್‌ಗೆ ಪುಸ್ತಕ ಇದೆಯಾ?’ ಎಂದರೆ ‘ಇಲ್ಲ’ ಎಂಬ ಉತ್ತರ ಸಿದ್ಧ. ‘ಮೇಡಂ, ಹಕ್ಕಿಗಳ ಬಗ್ಗೆ, ನಾಲ್ಕನೇ ಕ್ಲಾಸಿನ ಮಗು ಓದುವಂಥದ್ದು ಬೇಕಿತ್ತು. ಆ ಬೀರು ಒಮ್ಮೆ ತೆಗೀತೀರಾ? ನಾನೇ ಹುಡುಕಿ ವಾಪಸ್ ಅದೇ ಜಾಗದಲ್ಲಿಡ್ತೀನಿ’ ಎಂದರೆ ಬೀಗದಕೈ ಬರುತ್ತದೆ. ಬೀಗ ಹಾಕುವುದಕ್ಕೂ ಕಾರಣವಿದೆ: ಕಳೆದ ಪುಸ್ತಕದ ಲೆಕ್ಕ ಸಿಬ್ಬಂದಿಯ ತಲೆಗೇ ಬರುತ್ತದೆ. ನಾಲ್ಕು ವಾರ ಸರಿಯಾದ ದಿನಕ್ಕೆ ಹಿಂದಿರುಗಿಸಿದವರಿಗೆ ಬೀರು ತಾನಾಗಿ ತೆರೆದುಕೊಳ್ಳುತ್ತದೆ.

*ಸದಸ್ಯತ್ವ.* ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಗರ ಗ್ರಂಥಾಲಯಗಳಲ್ಲಿ ಪುಸ್ತಕ ಎರವಲಿಗೆ ಅರ್ಜಿ, ಗುರುತಿನ ಮತ್ತು ವಿಳಾಸದ ದಾಖಲೆ, ಹಿಂದಿರುಗಿಸುವ ಠೇವಣಿ ಕೇಳುತ್ತಾರೆ. ಕೆಲವೆಡೆ ಜಾಮೀನು ಸಹಿಯನ್ನೂ ಕೇಳುತ್ತಾರೆ. ಠೇವಣಿಯ ರಶೀದಿ ಫೈಲಿಗೆ ಹೋಗಲಿ, ಅದಿಲ್ಲದೆ ಹಣ ವಾಪಸ್ ಪಡೆಯುವುದು ಕಷ್ಟ. ಮಗುವಿನ ಜೊತೆ ಮನೆಯ ಒಬ್ಬ ದೊಡ್ಡವರ ಹೆಸರಲ್ಲೂ ಸದಸ್ಯತ್ವ ಮಾಡಿಸಿ. ಇದಕ್ಕೊಂದು ಕಾರಣವಿದೆ.

*ಬೆನ್ನಿನ ಚೀಟಿ.* ಪುಸ್ತಕದ ಬೆನ್ನಿಗೆ ಅಂಟಿಸಿದ ಅಂಕಿ ಓದಲು ಮಗುವಿಗೆ ಕಲಿಸಿ. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ವರ್ಗೀಕರಣ ಬಳಸುವಲ್ಲಿ 510 ಗಣಿತ, 520 ಆಕಾಶ, 580 ಗಿಡಮರ, 590 ಪ್ರಾಣಿಪಕ್ಷಿ, 954 ಭಾರತದ ಇತಿಹಾಸ, 894.814 ಕನ್ನಡ ಸಾಹಿತ್ಯ. ಹನ್ನೊಂದು ದಾಟಿದ ಮಗುವಿಗೆ ಮಕ್ಕಳ ಬೀರುವಿಗಿಂತ ದೊಡ್ಡವರ ವಿಭಾಗದ 500ರ ಸಾಲೇ ಹೆಚ್ಚು ಒದಗುತ್ತದೆ. ಕನ್ನಡದ ಒಳ್ಳೆಯ ಜನಪ್ರಿಯ ವಿಜ್ಞಾನ ಪುಸ್ತಕಗಳು ಇರುವುದು ಅಲ್ಲಿ. ದೊಡ್ಡವರ ಕಾರ್ಡ್ ಬೇಕಾಗುವುದು ಇದಕ್ಕೇ. ಸಣ್ಣ ಶಾಖೆಗಳಲ್ಲಿ ಚೀಟಿ ಇದ್ದರೂ ಪುಸ್ತಕ ಕ್ರಮದಲ್ಲಿರುವುದಿಲ್ಲ, ಕಪಾಟು ಪೂರ್ತಿ ಕಣ್ಣಾಡಿಸಬೇಕು.

*ಹಳೆಯ ಪುಸ್ತಕ ಗುರುತಿಸುವುದು.* ತರುವ ಮುನ್ನ ಮುದ್ರಣದ ವರ್ಷ ನೋಡಿ. ಗ್ರಹ ಒಂಬತ್ತು ಎಂದಿದ್ದರೆ ಮಾಹಿತಿ 2006ಕ್ಕಿಂತ ಹಿಂದಿನದು. ಕರ್ನಾಟಕದ ಜಿಲ್ಲೆ 27 ಎಂದಿದ್ದರೆ 2007ಕ್ಕಿಂತ ಹಿಂದಿನದು, 30 ಎಂದಿದ್ದರೆ 2021ರಲ್ಲಿ ವಿಜಯನಗರ ಜಿಲ್ಲೆಯಾಗುವ ಮುಂಚಿನದು. ಕಥೆ, ಜೀವನಚರಿತ್ರೆ, ಹಕ್ಕಿಗಳ ಪುಸ್ತಕಕ್ಕೆ ವಯಸ್ಸು ಅಷ್ಟು ಮುಖ್ಯವಲ್ಲ. ಭೂಗೋಳ, ಕಂಪ್ಯೂಟರ್, ಅಂಕಿಅಂಶಕ್ಕೆ ಮುಖ್ಯ.

*ವಾರದ ವೇಳೆ.* ವಾರವಾರ ಅದೇ ದಿನ, ಅದೇ ಹೊತ್ತಿಗೆ, ಒಂದೂವರೆ ತಾಸು. ಮೊದಲ ಇಪ್ಪತ್ತು ನಿಮಿಷ ಹಿಂದಿರುಗಿಸಿ ಆರಿಸುವುದು, ಐವತ್ತು ನಿಮಿಷ ಓದು, ಉಳಿದದ್ದು ರಿಜಿಸ್ಟರ್. ಮೂರು ಪುಸ್ತಕದಲ್ಲಿ ಎರಡು ಮಗುವಿನ ಆಯ್ಕೆ, ಒಂದು ಪಟ್ಟಿಯದು. ಎಲ್ಲವನ್ನೂ ಪೋಷಕರೇ ಆರಿಸಿದ ಮನೆಗಳಲ್ಲಿ ಎರಡನೇ ತಿಂಗಳಿಗೆ ‘ಲೈಬ್ರರಿ ಬೇಡ’ ಶುರುವಾಗುತ್ತದೆ.

ಬೇಕಾದ ಪುಸ್ತಕ ಇಲ್ಲದಿದ್ದರೆ ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ ನಾಲ್ಕನ್ನೂ ಬರೆದು ಕೊಡಿ. ಇಲಾಖೆಯ ಖರೀದಿ ಸಗಟಾಗಿ ನಡೆಯುವುದರಿಂದ ಅದು ಮುಂದಿನ ತಿಂಗಳೇ ಬಾರದು. ಅದನ್ನೇ ನೆಚ್ಚಿಕೊಂಡು ಪಾಠ ನಿಲ್ಲಿಸಬೇಡಿ.

ಹಂತ 4: ಫೋನಿನಲ್ಲಿ ಸಿಗುವುದು

ವಾರದ ಗ್ರಂಥಾಲಯ ಭೇಟಿ ಒಂದು ತಿಂಗಳು ತಪ್ಪದೆ ನಡೆದ ಮೇಲೆ ಮಾತ್ರ ಇದಕ್ಕೆ ಬನ್ನಿ. ಸಣ್ಣ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಅಲ್ಲಿ ಓದಿನ ಮಟ್ಟ ನಮೂದಿಸಿರುತ್ತಾರೆ, ವಯಸ್ಸು ನೋಡಿ ಆರಿಸಬೇಡಿ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಕ್ಕೆ ಮಗು ತಡವರಿಸಿದರೆ ಒಂದು ಮಟ್ಟ ಕೆಳಗಿಳಿಯಿರಿ. ಕಸದಿಂದ ಆಟಿಕೆ, ಪ್ರಯೋಗ ಮಾಡಲು ಅರವಿಂದ ಗುಪ್ತ ಅವರ ಜಾಲತಾಣ. ಪದಕೋಶಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ. ದೊಡ್ಡ ಮಕ್ಕಳಿಗೆ ಐಐಟಿ ಖರಗ್‌ಪುರದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಮತ್ತು ರಾಜ್ಯ ಇಲಾಖೆಯ ಡಿಜಿಟಲ್ ಗ್ರಂಥಾಲಯ.

ಒಂದು ಬಾರಿಗೆ ಎರಡೇ ಇಳಿಸಿ. ಆ ಎರಡು ಮುಗಿಯದೆ ಮೂರನೆಯದು ಬೇಡ.

ಹಂತ 5: ಮ್ಯೂಸಿಯಂ, ತಾರಾಲಯ, ಸ್ಮಾರಕ

ತಿಂಗಳಿಗೆ ಒಂದು ಸಾಕು, ಅದೂ ಪಟ್ಟಿಯ ವಿಷಯಕ್ಕೆ ಹೊಂದಬೇಕು. ಬೆಂಗಳೂರಿನಲ್ಲಿ ಕಸ್ತೂರ ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಜವಾಹರಲಾಲ್ ನೆಹರು ತಾರಾಲಯ, ಮೈಸೂರಿನಲ್ಲಿ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ, ಮಂಗಳೂರಿನಲ್ಲಿ ಪಿಲಿಕುಳ, ಧಾರವಾಡದಲ್ಲಿ ವಿಜ್ಞಾನ ಕೇಂದ್ರ, ರಾಮನಗರದ ಬಳಿ ಜಾನಪದ ಲೋಕ. ತಾರಾಲಯದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪ್ರದರ್ಶನಗಳ ವೇಳೆ ಬೇರೆ ಬೇರೆ, ಕೇಳಿಕೊಂಡೇ ಹೊರಡಿ.

ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಆ ತಿಂಗಳುಗಳಲ್ಲಿ ವಾರದ ದಿನ ಬೆಳಿಗ್ಗೆ ಹೋದರೆ ಮಾದರಿ ಮುಟ್ಟಲೂ ಸರದಿ ಸಿಗದು. ಮಳೆಗಾಲದ ಮಂಗಳವಾರ ಬುಧವಾರಗಳೇ ಲೇಸು. ಒಂದು ಭೇಟಿಗೆ ಎರಡು ಗ್ಯಾಲರಿ ಮೀರಬೇಡಿ. ಟಿಕೆಟ್ ದುಡ್ಡು ವಸೂಲಾಗಬೇಕೆಂದು ಎಲ್ಲ ಮಹಡಿ ಸುತ್ತಿಸಿದರೆ ಮಗುವಿಗೆ ನೆನಪುಳಿಯುವುದು ಕಾಲುನೋವು.

ಖರ್ಚಿನ ಮಾತು: ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ವಿದ್ಯಾರ್ಥಿ ಬಸ್ ಪಾಸಿಗೆ ಶಾಲೆಯ ದಾಖಲೆ ಬೇಕಾದ್ದರಿಂದ ಅದರ ಆಸೆ ಬಿಡಿ. 2023ರ ಶಕ್ತಿ ಯೋಜನೆಯಲ್ಲಿ ತಾಯಿಗೂ ಹೆಣ್ಣುಮಗುವಿಗೂ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಜೊತೆಗಿರಲಿ.

ಹಂತ 6: ಊರೊಳಗಿನ ಇಲಾಖೆಗಳು

ಹಳ್ಳಿಯವರು ‘ನಮ್ಮಲ್ಲಿ ಮ್ಯೂಸಿಯಂ ಇಲ್ಲ’ ಎಂದು ಕೊರಗುತ್ತಾರೆ. ಅವರಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇವೆ. ಇವು ವಿಜ್ಞಾನದ ಪ್ರಯೋಗಾಲಯಕ್ಕೆ ಸಮ.

ಮಣ್ಣು ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಒಂದು ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿಂದ ಕೆಳಗೆ ಒಂದೇ ದಪ್ಪದ ಪದರ ಕೆತ್ತಬೇಕು. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ, ವೃತ್ತವಾಗಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಬೇಕು. ಅರ್ಧ ಕಿಲೊ ಉಳಿಯುವವರೆಗೆ ಹೀಗೇ. ನೆರಳಲ್ಲಿ ಒಣಗಿಸಿ, ಬಟ್ಟೆಚೀಲಕ್ಕೆ ಹಾಕಿ, ಸರ್ವೆ ನಂಬರ್ ಮತ್ತು ದಿನಾಂಕದ ಚೀಟಿ ಇಡಿ. ಬದುವಿನ ಹತ್ತಿರ, ತಿಪ್ಪೆಯ ಪಕ್ಕ, ಮರದಡಿ, ಈಚೆಗೆ ಗೊಬ್ಬರ ಹಾಕಿದ ಕಡೆ ತೆಗೆದರೆ ಫಲಿತಾಂಶ ಸುಳ್ಳಾಗುತ್ತದೆ. ವರದಿಯಲ್ಲಿ ರಸಸಾರ (ಪಿಎಚ್), ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಬರುತ್ತವೆ. ಎರಡು ಹೊಲದ ವರದಿ ಹೋಲಿಸುವುದರಲ್ಲಿ ಆಮ್ಲ, ಕ್ಷಾರ, ಸರಾಸರಿ, ನಮೂನೆ ಎಲ್ಲ ಪಾಠವೂ ಅಡಗಿದೆ.

ಮಳೆಯದ್ದೂ ಹಾಗೆಯೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಮಗು ನೇರ ಗೋಡೆಯ ಡಬ್ಬಿಯಿಟ್ಟು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಆ ಅಂಕಿಯೊಂದಿಗೆ ಹೋಲಿಸಲಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. ಮನೆಯ ಚಾವಣಿಯ ಲೆಕ್ಕ ಅಲ್ಲಿಂದಲೇ ಹೊರಡುತ್ತದೆ. ತಳ ಕಿರಿದಾದ ಲೋಟ ಇಟ್ಟರೆ ಅಳತೆ ಕೆಡುತ್ತದೆ.

ಪೇಟೆಯವರಿಗೆ ಸೀಸನ್‌ವಾಚ್ ಎಂಬ ಮರ ಗಮನಿಸುವ ಯೋಜನೆ ಸುಲಭ: ಬೀದಿಯ ಒಂದು ಮರ ಆರಿಸಿ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ದಾಖಲಿಸುವುದು. ಆಟಕ್ಕೆ ಜಿಲ್ಲಾ ಕ್ರೀಡಾಂಗಣ, ಕಲೆಗೆ ಬಾಲಭವನ, ರಂಗಕ್ಕೆ ಮೈಸೂರು ರಂಗಾಯಣದಂಥವರ ಬೇಸಿಗೆ ಶಿಬಿರಗಳಿವೆ. ಶಿಬಿರದ ಸೀಟು ಬೇಗ ತುಂಬುತ್ತದೆ, ಮಾರ್ಚಿನಲ್ಲೇ ವಿಚಾರಿಸಿ. ಗ್ರಾಮ ಪಂಚಾಯತಿಯ ಮಕ್ಕಳ ಗ್ರಾಮ ಸಭೆಯ ದಿನಾಂಕವನ್ನೂ ಪಿಡಿಒ ಅವರಲ್ಲಿ ಕೇಳಿಟ್ಟುಕೊಳ್ಳಿ.

ಹಂತ 7: ಜೊತೆಗಾರರು

ಸ್ವಶಿಕ್ಷಣ್‌ನಂಥ ಹೋಮ್‌ಸ್ಕೂಲಿಂಗ್ ಪೋಷಕರ ದೇಶಮಟ್ಟದ ಒಕ್ಕೂಟ ಮಾಹಿತಿಗೆ ಸರಿ, ಆದರೆ ವಾರದ ಒಡನಾಟಕ್ಕೆ ಹತ್ತು ಕಿಲೊಮೀಟರ್ ಒಳಗಿನ ಮೂರು ನಾಲ್ಕು ಮನೆ ಬೇಕು. ಮಕ್ಕಳ ವಯಸ್ಸಿನ ಅಂತರ ಮೂರು ವರ್ಷ ಮೀರದಿರಲಿ, ದಿನ ನಿಗದಿಯಾಗಿರಲಿ, ಪ್ರತಿ ಬಾರಿ ಒಂದು ಮನೆಯವರು ಹೊಣೆ ಹೊರಲಿ. ಹತ್ತು ಮನೆ ಸೇರಿದರೆ ದಿನಾಂಕ ಹೊಂದಿಸುವುದರಲ್ಲೇ ಗುಂಪು ಮುರಿಯುತ್ತದೆ. ಮೊದಲ ಕೆಲವು ಭೇಟಿ ಗ್ರಂಥಾಲಯ ಅಥವಾ ಪಾರ್ಕಿನಲ್ಲೇ ಆಗಲಿ, ಮಗುವನ್ನು ಒಂಟಿಯಾಗಿ ಬಿಟ್ಟುಬರಬೇಡಿ.

ಎಚ್ಚರ ವಹಿಸಬೇಕಾದ್ದು ಇಲ್ಲಿ: ‘ಕಲಿಕಾ ಕೇಂದ್ರ’ ಎಂಬ ಬೋರ್ಡಿನಡಿ ದಿನವೂ ತರಗತಿ, ವರ್ಷದ ಫೀಸು, ಸಮವಸ್ತ್ರ ಇದ್ದರೆ ಅದು ಶಾಲೆಯೇ. ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಂ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಕೇಂದ್ರ ವರ್ಷದ ನಡುವೆ ಮುಚ್ಚಿದರೆ ನಿಮ್ಮ ಫೀಸು ಹೋಯಿತು. ಮಾನ್ಯತಾ ಪತ್ರ ಕೇಳಿ, ವಾರ್ಷಿಕ ಫೀಸು ಮುಂಗಡ ಕೊಡಬೇಡಿ.

ಹಂತ 8: ಪರೀಕ್ಷೆಯ ದಾರಿ

ಹನ್ನೆರಡನೇ ವರ್ಷದಲ್ಲೇ ಇದನ್ನು ಯೋಚಿಸಿ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಕಿರಿಯರಿಗೆ ಎ, ಬಿ, ಸಿ ಹಂತಗಳಿವೆ. ಅವು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಸೆಕೆಂಡರಿಗೆ ಕನಿಷ್ಠ 14 ವರ್ಷ, ಉತ್ತೀರ್ಣರಾಗಲು ಐದು ವಿಷಯ. ನೋಂದಣಿ ಐದು ವರ್ಷ ಚಾಲ್ತಿ, ಒಂಬತ್ತು ಅವಕಾಶ. ಹಾಗಾಗಿ ಐದೂ ವಿಷಯ ಒಂದೇ ಸಲ ಬರೆಸುವ ಅಗತ್ಯವಿಲ್ಲ. ಎರಡು ಎರಡಾಗಿ ಬರೆಯುವ ಮಕ್ಕಳೇ ನೆಮ್ಮದಿಯಾಗಿರುತ್ತಾರೆ. ಕನ್ನಡ ಭಾಷಾ ವಿಷಯವಾಗಿ ಸಿಗುತ್ತದೆ. ಉಳಿದ ವಿಷಯಗಳ ಮಾಧ್ಯಮ ಯಾವುದೆಂದು ನೋಂದಣಿಗೆ ಮುನ್ನವೇ ನೋಡಿ, ಆಮೇಲೆ ನೋಡಿದರೆ ತಡವಾಗುತ್ತದೆ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ, ಷರತ್ತುಗಳು ಆಯಾ ವರ್ಷದ ಮಂಡಳಿ ಸುತ್ತೋಲೆಯಲ್ಲಿರುತ್ತವೆ.

ಮೂರು ಗಂಟೆ ಕೂತು ಬರೆಯುವ ರೂಢಿಯೇ ಇಲ್ಲದ ಮಗು ನೇರವಾಗಿ ಬೋರ್ಡ್ ಪರೀಕ್ಷೆಗೆ ಹೋದರೆ ತತ್ತರಿಸುತ್ತದೆ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರಿಚಯ, ಪ್ರಾಥಮಿಕ, ಮಧ್ಯಮಾ ಪರೀಕ್ಷೆಗಳು ಇದಕ್ಕೆ ಒಳ್ಳೆಯ ತಾಲೀಮು; ಬಡಾವಣೆಯ ಹಿಂದಿ ಪ್ರಚಾರಕರ ಮೂಲಕ ಕಟ್ಟಬಹುದು.

‘ಪಾಸ್ ಗ್ಯಾರಂಟಿ’, ‘ಪರೀಕ್ಷೆ ಬರೆಯದೆ ಅಂಕಪಟ್ಟಿ’ ಎನ್ನುವ ದಲ್ಲಾಳಿಯಿಂದ ದೂರವಿರಿ. ನೋಂದಣಿಯನ್ನು ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಮಾಡಿ. ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಇರಲಿ, ಸೈಬರ್ ಸೆಂಟರಿನವರದ್ದು ಬೇಡ. ಗುರುತಿನ ಚೀಟಿ ಬಂದ ದಿನವೇ ಹೆಸರು, ಹುಟ್ಟಿದ ದಿನಾಂಕ, ವಿಷಯ, ಮಾಧ್ಯಮ ನಾಲ್ಕನ್ನೂ ಮೊದಲ ಹಂತದ ಫೈಲಿನೊಂದಿಗೆ ತಾಳೆ ನೋಡಿ. ತಪ್ಪಿದ್ದರೆ ಹಾಲ್ ಟಿಕೆಟ್‌ಗೆ ಮುಂಚೆಯೇ ತಿದ್ದಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ತಿದ್ದುಪಡಿಗೆ ಕಚೇರಿ ಅಲೆದಾಟ ತಪ್ಪದು.